ಶ್ವಾಸಕೋಶದ ಆಪರೇಷನ್‌ಗೆ 3ಡಿ ನಕ್ಷೆ: ಸ್ಕ್ಯಾನ್ ಸಿಡಿ ಬಿಸಾಡಬೇಡಿ

ಸಿಟಿ ಸ್ಕ್ಯಾನ್ ಮಾಡಿಸಿದವರು ದೊಡ್ಡ ಫಿಲ್ಮನ್ನು ಕವರ್‌ನಲ್ಲಿಟ್ಟು ಬೀರುವಿನ ಮೇಲೆ ಜೋಪಾನ ಮಾಡ್ತಾರೆ. ಜೊತೆಗೆ ಕೊಟ್ಟ ಸಿಡಿ ಎಲ್ಲೋ ಕಳೆದುಹೋಗಿರುತ್ತೆ. ಆದರೆ ಶ್ವಾಸಕೋಶದ ಕ್ಯಾನ್ಸರ್ ಆಪರೇಷನ್ ಅಂತ ಬಂದಾಗ ಈಗ ಕೆಲಸಕ್ಕೆ ಬರೋದು ಆ ಸಿಡಿನೇ. ಯಾಕೆ?

ನಮ್ಮ ಬಲ ಶ್ವಾಸಕೋಶದಲ್ಲಿ 3, ಎಡದಲ್ಲಿ 2 ದೊಡ್ಡ ಭಾಗಗಳಿವೆ. ಇವಕ್ಕೆ ಹಾಲೆ ಅಂತಾರೆ. ಒಂದೊಂದು ಹಾಲೆಯೊಳಗೆ ಮತ್ತೆ ಸಣ್ಣ ವಿಭಾಗಗಳಿವೆ. ಗಡ್ಡೆ ಚಿಕ್ಕದಿದ್ದರೂ ಇಡೀ ಹಾಲೆ ತೆಗೆಯೋದೇ ಸರಿ ಅಂತ 1995ರ ಅಮೆರಿಕದ ಅಧ್ಯಯನದ ನಂತರ ವೈದ್ಯರು ನಂಬಿದ್ದರು.

2022ರಲ್ಲಿ ಜಪಾನ್ ವೈದ್ಯರ ಅಧ್ಯಯನವೊಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. 2 ಸೆಂ.ಮೀ. ಒಳಗಿನ ಗಡ್ಡೆ ಇದ್ದ 1,106 ರೋಗಿಗಳನ್ನು ಎರಡು ಗುಂಪು ಮಾಡಿದ್ದರು. 5 ವರ್ಷದ ನಂತರ, ಬರೀ ಸಣ್ಣ ವಿಭಾಗ ತೆಗೆಸಿಕೊಂಡವರಲ್ಲಿ ಶೇ. 94.3 ಮಂದಿ ಬದುಕಿದ್ದರು. ಹಾಲೆ ತೆಗೆಸಿಕೊಂಡವರಲ್ಲಿ ಶೇ. 91.1. ಆದರೆ ಸಣ್ಣ ಆಪರೇಷನ್ ಆದವರಲ್ಲಿ ಅದೇ ಕಡೆ ಕ್ಯಾನ್ಸರ್ ಮರುಕಳಿಸಿದ್ದು ಜಾಸ್ತಿ: ಶೇ. 10.5. ಇನ್ನೊಂದು ಗುಂಪಿನಲ್ಲಿ ಶೇ. 5.4.

ಅಂದರೆ ಸಣ್ಣ ಆಪರೇಷನ್ ಸುಲಭದ್ದಲ್ಲ. ಹಾಲೆಗಳ ನಡುವೆ ಸೀಳು ಕಾಣುತ್ತೆ, ವಿಭಾಗಗಳ ನಡುವೆ ಗೆರೆಯೇ ಇಲ್ಲ. ರಕ್ತನಾಳ, ಗಾಳಿಕೊಳವೆ ಕವಲೊಡೆಯುವ ರೀತಿಯೂ ಒಬ್ಬರಂತೆ ಇನ್ನೊಬ್ಬರಿಗಿರಲ್ಲ. 3ಡಿ ಚಿತ್ರ ನೆರವಾಗೋದು ಇಲ್ಲೇ. ಸಿಟಿ ಸ್ಕ್ಯಾನ್‌ನ ನೂರಾರು ತೆಳು ಪದರಗಳನ್ನು ಕಂಪ್ಯೂಟರ್ ಜೋಡಿಸಿ, ರಕ್ತನಾಳ, ಗಾಳಿಕೊಳವೆ, ಗಡ್ಡೆಗೆ ಬೇರೆ ಬೇರೆ ಬಣ್ಣ ಕೊಡುತ್ತೆ. ಯಾವ ಕವಲು ಕತ್ತರಿಸಬೇಕು, ಗಡ್ಡೆ ಸುತ್ತ ಎಷ್ಟು ಜಾಗ ಬಿಡಬೇಕು ಅಂತ ಸರ್ಜನ್ ಮೊದಲೇ ತಿರುಗಿಸಿ ನೋಡಬಹುದು. ಹಾಗಂತ ಇದು ಮಂತ್ರದಂಡವಲ್ಲ. ಸ್ಕ್ಯಾನ್ ವೇಳೆ ಶ್ವಾಸಕೋಶ ಉಬ್ಬಿರುತ್ತೆ, ಆಪರೇಷನ್‌ನಲ್ಲಿ ಗಾಳಿ ಇಳಿಸಿರ್ತಾರೆ. ನಕ್ಷೆ ಎಷ್ಟೇ ಚೆನ್ನಾಗಿದ್ದರೂ ಕೊನೆಗೆ ಸರ್ಜನ್‌ ಕೈಯ ಅನುಭವವೇ ಮುಖ್ಯ.

ನಮಗೆ ಇದರಿಂದ ಏನು? ಫಿಲ್ಮ್‌ನಲ್ಲಿ ಆಯ್ದ ಕೆಲವು ಚಿತ್ರ ಮಾತ್ರ ಇರುತ್ತೆ, ಅದರಿಂದ 3ಡಿ ನಕ್ಷೆ ಆಗಲ್ಲ. ಸ್ಕ್ಯಾನ್ ಸೆಂಟರ್‌ನಲ್ಲಿ ತೆಳು ಪದರದ ಪೂರ್ತಿ ಡೇಟಾ ಸಿಡಿ ಅಥವಾ ಪೆನ್‌ಡ್ರೈವ್‌ಗೆ ಹಾಕಿಸಿಕೊಳ್ಳಿ. ದೊಡ್ಡಾಸ್ಪತ್ರೆಯವರು ಬೇಕಿದ್ದರೆ ಇನ್ನೊಮ್ಮೆ ಸ್ಕ್ಯಾನ್ ಹೇಳಬಹುದು, ಆದರೂ ಹಳೆಯದು ಇದ್ದರೆ ಗಡ್ಡೆ ಬೆಳೆದಿದೆಯಾ ಅಂತ ಹೋಲಿಸೋಕೆ ಆಗುತ್ತೆ.

ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಈ ಲಾಭವೆಲ್ಲ ಗಡ್ಡೆ ಚಿಕ್ಕದಿರುವಾಗ ಮಾತ್ರ. ನಮ್ಮ ದೇಶದಲ್ಲಿ ಹೆಚ್ಚಿನವರಿಗೆ ಗೊತ್ತಾಗೋದೇ ಕಾಯಿಲೆ ಹರಡಿದ ಮೇಲೆ. ಟಿಬಿ ಅಂದುಕೊಂಡು ತಿಂಗಳುಗಟ್ಟಲೆ ಕಳೆದವರೂ ಇದ್ದಾರೆ. 2 ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಲೇಬೇಕು. ಟಿಬಿ ಇಲ್ಲ ಅಂತ ಬಂದರೂ ಕೆಮ್ಮು ನಿಲ್ಲದಿದ್ದರೆ, ಕಫದಲ್ಲಿ ರಕ್ತ ಕಂಡರೆ, ಮೆಡಿಕಲ್‌ನಲ್ಲಿ ಸಿರಪ್ ತಗೊಂಡು ಸುಮ್ಮನಾಗಬೇಡಿ. ಸಿಟಿ ಸ್ಕ್ಯಾನ್ ಬೇಕಾ ಅಂತ ಡಾಕ್ಟರನ್ನು ನೀವೇ ಕೇಳಿ.