ಅಟ್ಟದ ಮೇಲಿನ ಬ್ಯಾಟು ಮತ್ತು ಅಪರಿಗ್ರಹ

ಮಾಗಡಿ ರಸ್ತೆಯ ಬ್ಯಾಡರಹಳ್ಳಿಯಲ್ಲಿ ಎರಡು ದಶಕಗಳ ಹಿಂದೆ ನಿವೇಶನ ಕೊಂಡು, ಸಾಲ ಮಾಡಿ ಮನೆ ಕಟ್ಟಿದ ಅನೇಕ ಕುಟುಂಬಗಳಲ್ಲಿ ಇಂದು ಉಳಿದಿರುವವರು ತಂದೆ ತಾಯಿ ಇಬ್ಬರೇ. ಮಕ್ಕಳು ಓದು ಮುಗಿಸಿ ವೈಟ್‌ಫೀಲ್ಡಿಗೋ, ಪುಣೆಗೋ, ಸಮುದ್ರದಾಚೆಗೋ ಹೋಗಿದ್ದಾರೆ. ಅವರ ಬಾಲ್ಯವೊಂದು ಅಟ್ಟದ ಮೇಲೆ ಹಾಗೆಯೇ ಉಳಿದಿದೆ. ಹಿಡಿಯ ರಬ್ಬರು ಬಿಟ್ಟ ಕ್ರಿಕೆಟ್ ಬ್ಯಾಟು, ಹಳದಿಗಟ್ಟಿದ ಪ್ಯಾಡು, ಗಟ್ಟು ಸಡಿಲಗೊಂಡ ಶಟಲ್ ಬ್ಯಾಟು, ಚಕ್ರ ತಿರುಗದ ಸ್ಕೇಟು, ಕರಾಟೆಯ ಬೆಲ್ಟು, ಅಂತರಶಾಲಾ ಪಂದ್ಯದ ಪದಕ, ತಂಡದವರೆಲ್ಲ ಸಹಿ ಮಾಡಿದ ಒಂದು ಅಂಗಿ. ಮನೆಗೆ ಸುಣ್ಣಬಣ್ಣ ಮಾಡಿಸುವಾಗಲೋ, ಮಹಡಿಯನ್ನು ಬಾಡಿಗೆಗೆ ಕೊಡುವಾಗಲೋ ಈ ಗಂಟು ಕೆಳಗಿಳಿಯುತ್ತದೆ. ಗುಜರಿಗೆ ಹಾಕಿಬಿಡೋಣ ಎನ್ನುತ್ತಾರೆ ಒಬ್ಬರು. ಯಾರೂ ಮುಟ್ಟಕೂಡದು ಎನ್ನುತ್ತಾರೆ ಇನ್ನೊಬ್ಬರು. ಹತ್ತು ನಿಮಿಷದ ಮಾತು ಎರಡು ದಿನದ ಮೌನವಾಗುತ್ತದೆ. ಹೊರನೋಟಕ್ಕೆ ಕ್ಷುಲ್ಲಕವಾದ ಈ ಕಲಹದ ಒಳಗೆ ಧರ್ಮದ ಪ್ರಶ್ನೆಯೊಂದು ಅಡಗಿದೆ.

ಅಣುವ್ರತಗಳನ್ನು ಸ್ವೀಕರಿಸಿದ ಶ್ರಾವಕ ಶ್ರಾವಿಕೆಯರಿಗೆ ಇಲ್ಲಿ ಅಳುಕು ಹುಟ್ಟುವುದು ಸಹಜ. ಬೇಡದ ವಸ್ತುವನ್ನು ಕೂಡಿಡುವುದು ಪರಿಗ್ರಹವಲ್ಲವೆ? ಹಾಗೆಂದು ಮಗ ಆಡಿದ ಬ್ಯಾಟನ್ನು ಬೀದಿಗೆ ಎಸೆದರೆ ಅಪರಿಗ್ರಹವಾಗುತ್ತದೆಯೆ? ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ತನ್ನ ಏಳನೆಯ ಅಧ್ಯಾಯದಲ್ಲಿ ವ್ರತಗಳನ್ನು ವಿವರಿಸುವಾಗ ಪರಿಗ್ರಹದ ಲಕ್ಷಣವನ್ನು ವಸ್ತುಗಳ ಸಂಖ್ಯೆಯಿಂದ ನಿರ್ಣಯಿಸದೆ, ಮೂರ್ಛೆಯೆಂಬ ಒಂದು ಪದದಿಂದ ಗುರುತಿಸುತ್ತದೆ. ‘ಇದು ನನ್ನದು’ ಎಂಬ ಭಾವದಲ್ಲಿ ಎಚ್ಚರ ತಪ್ಪುವುದೇ ಆ ಮೂರ್ಛೆ. ಆಚಾರ್ಯರು ಹೊಲ, ಮನೆ, ಧನ, ಧಾನ್ಯ ಮೊದಲಾದ ಬಾಹ್ಯ ಪರಿಗ್ರಹಗಳನ್ನು ಹತ್ತೆಂದು ಎಣಿಸಿದರೆ, ಆಭ್ಯಂತರ ಪರಿಗ್ರಹಗಳನ್ನು ಹದಿನಾಲ್ಕೆಂದು ಎಣಿಸಿದ್ದಾರೆ. ಮಿಥ್ಯಾತ್ವ ಮತ್ತು ನಾಲ್ಕು ಕಷಾಯಗಳ ಜೊತೆಗೆ ರತಿ, ಅರತಿ, ಶೋಕ, ಭಯಗಳೂ ಆ ಪಟ್ಟಿಯಲ್ಲಿವೆ. ಹೊರಗಿನದಕ್ಕಿಂತ ಒಳಗಿನ ಪಟ್ಟಿಯೇ ದೊಡ್ಡದು. ಅಟ್ಟ ಬರಿದಾದ ಮಾತ್ರಕ್ಕೆ ಒಳಗಿನ ಗಂಟು ಬಿಚ್ಚಿದಂತಾಗುವುದಿಲ್ಲ; ಒಂದು ಪದಕ ಬೀರುವಿನಲ್ಲಿದ್ದ ಮಾತ್ರಕ್ಕೆ ವ್ರತ ಭಂಗವಾಗುವುದೂ ಇಲ್ಲ.

ಹಾಗಾದರೆ ಆ ತಾಯಿಯ ಕೈ ನಿಜವಾಗಿ ಹಿಡಿದುಕೊಂಡಿರುವುದು ಏನನ್ನು? ಬ್ಯಾಟಿನ ಬೆಲೆ ಅವರಿಗೆ ಬೇಕಿಲ್ಲ. ಸಂಜೆ ಮಣ್ಣು ಮೆತ್ತಿದ ಕಾಲಿನಲ್ಲಿ ಒಳಗೆ ಓಡಿಬಂದು ನೀರು ಕೇಳುತ್ತಿದ್ದ ಹನ್ನೆರಡು ವರ್ಷದ ಹುಡುಗ ಅವರಿಗೆ ಬೇಕು. ಅವನು ಈಗ ಎಲ್ಲಿಯೂ ಇಲ್ಲ. ಮೂವತ್ತೆರಡು ವರ್ಷದ ಮಗ ಇದ್ದಾನೆ. ಭಾನುವಾರ ಫೋನು ಮಾಡುತ್ತಾನೆ. ಹುಡುಗ ಮಾತ್ರ ಇಲ್ಲ. ಈ ನಷ್ಟವನ್ನು ಹೇಳಿಕೊಳ್ಳಲು ಲೋಕದಲ್ಲಿ ಅವಕಾಶವಿಲ್ಲ. ಮಗ ಚೆನ್ನಾಗಿದ್ದಾನಲ್ಲ, ಮತ್ತೇನು ಕೊರತೆ ಎಂದು ಕೇಳುತ್ತಾರೆ. ಹೇಳಲಾಗದ ಆ ದುಃಖ ಬ್ಯಾಟಿನೊಳಗೆ ಹೊಕ್ಕು ಕುಳಿತಿದೆ.

ಜೈನ ದರ್ಶನವು ಈ ನೋವನ್ನು ಅಲ್ಲಗಳೆಯುವುದಿಲ್ಲ, ಅದಕ್ಕೊಂದು ಹೆಸರು ಕೊಡುತ್ತದೆ. ಪ್ರತಿಯೊಂದು ಸತ್ ವಸ್ತುವಿನಲ್ಲಿಯೂ ಉತ್ಪಾದ, ವ್ಯಯ, ಧ್ರೌವ್ಯಗಳು ಒಟ್ಟಿಗೇ ಇವೆ: ಹೊಸ ಪರ್ಯಾಯ ಹುಟ್ಟುತ್ತದೆ, ಹಳೆಯದು ಅಳಿಯುತ್ತದೆ, ದ್ರವ್ಯ ಉಳಿಯುತ್ತದೆ. ಸಮಂತಭದ್ರಾಚಾರ್ಯರು ಆಪ್ತಮೀಮಾಂಸೆಯಲ್ಲಿ ಇದನ್ನು ಒಂದು ದೃಷ್ಟಾಂತದಿಂದ ತಿಳಿಸುತ್ತಾರೆ. ಚಿನ್ನದ ಕಲಶವೊಂದನ್ನು ಕರಗಿಸಿ ಕಿರೀಟ ಮಾಡುತ್ತಾರೆ. ಕಲಶವನ್ನು ಬಯಸಿದ್ದವನಿಗೆ ಶೋಕ, ಕಿರೀಟವನ್ನು ಬಯಸಿದ್ದವನಿಗೆ ಹರ್ಷ, ಚಿನ್ನವನ್ನೇ ಬಯಸಿದ್ದವನಿಗೆ ಮಾಧ್ಯಸ್ಥ್ಯ. ಮೂವರ ಭಾವಕ್ಕೂ ಕಾರಣವಿದೆ, ಮೂವರೂ ಕಂಡದ್ದು ನಿಜವನ್ನೇ. ಕಲಶ ಹೋದದ್ದು ಸುಳ್ಳಲ್ಲ, ಕಿರೀಟ ಬಂದದ್ದೂ ಸುಳ್ಳಲ್ಲ, ಚಿನ್ನ ಎಲ್ಲಿಗೂ ಹೋಗಲಿಲ್ಲವೆಂಬುದೂ ಸುಳ್ಳಲ್ಲ.

ಮಕ್ಕಳನ್ನು ಬೆಳೆಸಿದ ಮನೆಯಲ್ಲಿ ಈ ಮೂವರೂ ಒಟ್ಟಿಗೆ ವಾಸಿಸುತ್ತಾರೆ. ಅನೇಕ ವೇಳೆ ಒಂದೇ ಹೃದಯದಲ್ಲಿ ವಾಸಿಸುತ್ತಾರೆ. ಮಗಳು ದೊಡ್ಡ ಹುದ್ದೆಗೆ ಏರಿದಳೆಂಬ ಹರ್ಷ, ಮಡಿಲಲ್ಲಿ ಮಲಗುತ್ತಿದ್ದ ಕೂಸು ಇಲ್ಲವೆಂಬ ಶೋಕ. ಮೂರನೆಯ ದೃಷ್ಟಿಗೆ ಮಾತ್ರ ಸಾಧನೆ ಬೇಕು. ಮಗುವೆಂಬುದು ಒಂದು ಪರ್ಯಾಯ, ಯುವಕನೆಂಬುದು ಇನ್ನೊಂದು. ಎರಡರಲ್ಲಿಯೂ ಇರುವ ಜೀವ ಒಂದೇ. ಅಳಿದ ಪರ್ಯಾಯವನ್ನೇ ತಬ್ಬಿಕೊಂಡು ಕುಳಿತವರು, ಎದುರಿಗೆ ಇರುವ ಪರ್ಯಾಯವನ್ನು ಸರಿಯಾಗಿ ನೋಡಲಾರರು. ಅಟ್ಟದ ಹುಡುಗನ ಜೊತೆ ಮಾತಾಡುವ ತಂದೆ ತಾಯಿಗೆ ಫೋನಿನಲ್ಲಿರುವ ಮಗನ ದಣಿವು ಕೇಳಿಸದೇ ಹೋಗಬಹುದು. ಮೂರ್ಛೆಯಿಂದ ಆಗುವ ನಿಜವಾದ ಹಾನಿ ಇದು.

ಈ ತಿಳಿವಿನೊಡನೆ ಗಂಟನ್ನು ಬಿಚ್ಚುವಾಗ ಮೊದಲು ಕೇಳಿಕೊಳ್ಳಬೇಕಾದದ್ದು, ಈ ವಸ್ತು ಯಾರದು ಎಂದು. ಹಣ ಕೊಟ್ಟವರು ತಂದೆಯಾಗಿರಬಹುದು. ಬೆವರು ಸುರಿಸಿ ಪದಕ ಗೆದ್ದದ್ದು ಮಗು. ಕೊಡದೇ ಇದ್ದುದನ್ನು ತೆಗೆದುಕೊಳ್ಳುವುದು ಅದತ್ತಾದಾನ. ಅಚೌರ್ಯವ್ರತವು ನಿಷೇಧಿಸುವುದು ಅದನ್ನೇ. ಬೇರೊಬ್ಬರ ವಸ್ತುವನ್ನು ಅವರಿಗೆ ತಿಳಿಸದೆ ದಾನ ಮಾಡಿದರೆ ಅದು ದಾನವಾಗುವುದಿಲ್ಲ. ಮಗ ರಜೆಗೆ ಬಂದು ತನ್ನ ಹಳೆಯ ಬ್ಯಾಟನ್ನು ಹುಡುಕಿ, ಗುಜರಿಗೆ ಹೋಯಿತೆಂದು ತಿಳಿದು ಏನೂ ಹೇಳದೆ ಸುಮ್ಮನಾದರೆ, ಆ ಮೌನದ ಭಾರ ಹಲವು ವರ್ಷ ಇರುತ್ತದೆ. ಆದ್ದರಿಂದ ಕೇಳಬೇಕು. ಫೋಟೊ ತೆಗೆದು ಕಳುಹಿಸಿ, ಯಾವುದು ಬೇಕು, ಯಾವುದನ್ನು ಕೊಡಬಹುದು ಎಂದು ಅವರಿಂದಲೇ ಹೇಳಿಸಬೇಕು. ಮಕ್ಕಳಿಗೂ ಇಲ್ಲಿ ಕರ್ತವ್ಯವಿದೆ. ‘ಏನಾದರೂ ಮಾಡಿ’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರೆ ನಿರ್ಧಾರದ ನೋವೆಲ್ಲ ವೃದ್ಧರ ಹೆಗಲಿಗೆ ಬೀಳುತ್ತದೆ. ಅರ್ಧ ಗಂಟೆ ಕುಳಿತು ಒಂದೊಂದನ್ನೂ ನೋಡಿ ಹೇಳುವುದು ತಂದೆ ತಾಯಿಗೆ ಸಲ್ಲಿಸುವ ಸೇವೆಯೇ ಆಗಿದೆ.

ಎರಡನೆಯದು, ವಸ್ತುವನ್ನು ಮುಟ್ಟುವ ಬಗೆ. ಮುನಿಗಳಿಗೆ ಹೇಳಿದ ಐದು ಸಮಿತಿಗಳಲ್ಲಿ ಆದಾನನಿಕ್ಷೇಪಣ ಸಮಿತಿ ಮತ್ತು ಉತ್ಸರ್ಗ ಸಮಿತಿ ಎಂಬ ಎರಡಿವೆ. ಮೊದಲನೆಯದು ವಸ್ತುವನ್ನು ಎತ್ತುವಾಗ ಇಡುವಾಗ ಇರಬೇಕಾದ ಎಚ್ಚರ, ಎರಡನೆಯದು ವಿಸರ್ಜಿಸುವಾಗ ಇರಬೇಕಾದ ಎಚ್ಚರ. ಮುನಿಗಳು ಪಿಂಛಿಯಿಂದ ಮೃದುವಾಗಿ ಸವರಿ ಜೀವಿಗಳನ್ನು ಸರಿಸಿದ ಮೇಲೆಯೇ ಕಮಂಡಲವನ್ನು ಕೆಳಗಿಡುತ್ತಾರೆ. ಗೃಹಸ್ಥರೂ ತಮ್ಮ ಶಕ್ತಿಗೆ ತಕ್ಕಂತೆ ಇದನ್ನು ಆಚರಿಸಬಹುದು. ವರ್ಷಗಟ್ಟಲೆ ಮುಚ್ಚಿಟ್ಟ ಚೀಲದಲ್ಲಿ ಜೇಡ, ಜಿರಲೆ, ಬೆಳ್ಳಿಹುಳು ಮನೆ ಮಾಡಿರುತ್ತವೆ. ಪ್ಯಾಡಿನ ಮಡಿಕೆಯಲ್ಲಿ ಹಲ್ಲಿಯ ಮೊಟ್ಟೆ ಇರಬಹುದು. ಬಿಸಿಲಿಗೆ ಎಸೆದು ಕೋಲಿನಿಂದ ಬಡಿಯುವುದಕ್ಕೆ ಬದಲು, ಬೆಳಕಿನಲ್ಲಿ ನಿಧಾನವಾಗಿ ಬಿಚ್ಚಿ, ಮೆತ್ತನೆಯ ಬಟ್ಟೆಯಿಂದ ಸವರಿ, ಜೀವಿಗಳಿಗೆ ಹೋಗಲು ಅವಕಾಶ ಕೊಡಬೇಕು. ಕೆಲಸಕ್ಕೆ ಬಾರದುದನ್ನು ಖಾಲಿ ನಿವೇಶನದಲ್ಲಿ ಸುರಿದು ಬೆಂಕಿ ಹಚ್ಚುವುದಂತೂ ಸಲ್ಲದು. ಕಾಯಿದೆಯ ನಿಷೇಧ ಇದ್ದೇ ಇದೆ. ಆ ಬೆಂಕಿಯಲ್ಲಿ ಬೇಯುವ ಸೂಕ್ಷ್ಮ ಜೀವಿಗಳ ಲೆಕ್ಕ ಶ್ರಾವಕನ ಮನಸ್ಸಿನಲ್ಲಿ ಇರಬೇಕು. ಪ್ಲಾಸ್ಟಿಕ್ಕು, ಲೋಹ, ಬಟ್ಟೆಗಳನ್ನು ಬೇರೆ ಮಾಡಿ ಒಣಕಸಕ್ಕೆ ಕೊಡುವುದು ಉತ್ಸರ್ಗ ಸಮಿತಿಯ ಇಂದಿನ ರೂಪವೆನ್ನಬಹುದು.

ಮೂರನೆಯದು ದಾನ. ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ವೈಯಾವೃತ್ಯದ ನಾಲ್ಕು ಬಗೆಗಳನ್ನು ಹೇಳುವಾಗ ಆಹಾರ, ಔಷಧ, ಆವಾಸಗಳ ಜೊತೆಗೆ ಉಪಕರಣವನ್ನೂ ಸೇರಿಸಿದ್ದಾರೆ. ಅಲ್ಲಿ ಅಭಿಪ್ರೇತವಾದದ್ದು ಸಂಯಮ ಮತ್ತು ಜ್ಞಾನಗಳ ಉಪಕರಣ. ಆದರೂ ಒಂದು ಸಾಧನವಿಲ್ಲದೆ ಒಬ್ಬರ ಸಾಮರ್ಥ್ಯ ನಿಂತುಹೋಗಿದ್ದರೆ, ಅದನ್ನು ಒದಗಿಸುವುದು ಉಪಕಾರವೆಂಬ ತತ್ತ್ವ ಎಲ್ಲೆಡೆಗೂ ಸಲ್ಲುತ್ತದೆ. ಹತ್ತನೆಯ ಶತಮಾನದ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳೆಂಬ ಕೀರ್ತಿಯಲ್ಲಿ ಇದೇ ತತ್ತ್ವವಿದೆ. ಓಲೆಗರಿಯ ಕಟ್ಟು ಒಬ್ಬರ ಪೆಟ್ಟಿಗೆಯಲ್ಲಿದ್ದರೆ ಒಡವೆ. ಓದುವವನ ಕೈಗೆ ಬಂದರೆ ಜ್ಞಾನ.

ಪೀಣ್ಯದ ಕಾರ್ಖಾನೆಗಳಿಗೆ, ಗಾರ್ಮೆಂಟ್ಸುಗಳಿಗೆ ದುಡಿಯಲು ಬರುವ ಕುಟುಂಬಗಳು ಸುಂಕದಕಟ್ಟೆ, ಹೇರೋಹಳ್ಳಿ, ಬ್ಯಾಡರಹಳ್ಳಿಯ ಸುತ್ತಮುತ್ತ ಬಾಡಿಗೆ ಮನೆಗಳಲ್ಲಿ ವಾಸಿಸುತ್ತವೆ. ಅಲ್ಲಿನ ಮಕ್ಕಳು ಹಲಗೆಯ ತುಂಡನ್ನೇ ಬ್ಯಾಟು ಮಾಡಿಕೊಂಡು ಗಲ್ಲಿಯಲ್ಲಿ ಆಡುತ್ತಾರೆ. ಅಟ್ಟದಲ್ಲಿ ಒಣಗುತ್ತಿರುವ ಬ್ಯಾಟಿಗೆ ಇದಕ್ಕಿಂತ ಯೋಗ್ಯವಾದ ಸ್ಥಳ ಯಾವುದು? ಸಮೀಪದ ಸರ್ಕಾರಿ ಶಾಲೆಯ ದೈಹಿಕ ಶಿಕ್ಷಕರನ್ನು ಕಂಡು, ಬೇಕೆ ಎಂದು ಕೇಳಿ ಕೊಟ್ಟರೆ ಆಟದ ಮೈದಾನ ಮತ್ತೆ ಕಾಣುತ್ತದೆ. ಹೆಸರಿನ ಪಟ್ಟಿ ಬದಲಿಸಿದರೆ ಹಳೆಯ ಟ್ರೋಫಿಯೂ ಶಾಲೆಯ ಪಂದ್ಯಕ್ಕೆ ಬಹುಮಾನವಾಗುತ್ತದೆ. ತಡಮಾಡುವುದೂ ಒಂದು ಬಗೆಯ ನಾಶವೇ. ಬಳಸದೆ ಇಟ್ಟ ಶೂವಿನ ಅಟ್ಟೆ ಕೆಲವು ವರ್ಷಗಳಲ್ಲಿ ಪುಡಿಯಾಗುತ್ತದೆ, ರಬ್ಬರು ಬಿರಿಯುತ್ತದೆ, ಮರ ಒಣಗಿ ಸೀಳುತ್ತದೆ. ಯಾರಿಗೂ ಕೊಡದೆ ಕಾಪಾಡಿದ್ದು ಯಾರಿಗೂ ಸಲ್ಲದೆ ಹೋಗುತ್ತದೆ.

ದಾನದ ಫಲವು ವಿಧಿ, ದ್ರವ್ಯ, ದಾತೃ, ಪಾತ್ರಗಳ ವಿಶೇಷವನ್ನು ಅವಲಂಬಿಸಿದೆಯೆಂದು ತತ್ತ್ವಾರ್ಥಸೂತ್ರವು ತಿಳಿಸುತ್ತದೆ. ಸಮಂತಭದ್ರರು ಅನಾದರವನ್ನು ದೋಷಗಳಲ್ಲಿ ಒಂದಾಗಿ ಎಣಿಸುತ್ತಾರೆ. ಹರಿದುದು, ಮುರಿದುದು, ನಾರುವುದು ದಾನದ ದ್ರವ್ಯವಲ್ಲ. ಬಲವಾದ ಪೆಟ್ಟು ತಿಂದ ಹೆಲ್ಮೆಟ್ಟು ಹೊರಗೆ ಸರಿಯಾಗಿಯೇ ಕಂಡರೂ ಒಳಗೆ ಶಕ್ತಿ ಕಳೆದುಕೊಂಡಿರುತ್ತದೆ. ಅದನ್ನು ಇನ್ನೊಂದು ಮಗುವಿನ ತಲೆಗೆ ಹಾಕಿಸುವುದು ಹಿಂಸೆಗೆ ದಾರಿ. ತೊಳೆದು, ಒಣಗಿಸಿ, ಹಿಡಿಗೆ ಹೊಸ ರಬ್ಬರು ಹಾಕಿಸಿ, ಗಟ್ಟು ಕಟ್ಟಿಸಿ ಕೊಟ್ಟರೆ ಮಾತ್ರ ಆದರದ ದಾನ.

ಜೈನ ಮನೆಗಳಲ್ಲಿ ಇನ್ನೊಂದು ಸಂದೇಹ ಬರುತ್ತದೆ. ಕ್ರಿಕೆಟ್ ಚೆಂಡಿಗೂ ಕೈಗವಸಿಗೂ ಚರ್ಮ, ಶಟಲ್ ಕಾಕಿಗೆ ಬಾತುಕೋಳಿಯ ಗರಿ. ಅಂಥವನ್ನು ಕೊಡಬಹುದೆ? ಕೃತ, ಕಾರಿತ, ಅನುಮೋದನ ಎಂಬ ಮೂರು ದಾರಿಗಳಿಂದಲೂ ಹಿಂಸೆಯ ದೋಷ ಬರುತ್ತದೆ. ಕೊಟ್ಟರೆ ಅನುಮೋದಿಸಿದಂತೆ ಎಂದು ಕೆಲವರು ಅಳುಕುತ್ತಾರೆ. ಇದ್ದುದನ್ನೇ ಬಳಸಿದರೆ ಹೊಸದೊಂದನ್ನು ಕೊಳ್ಳುವುದು ತಪ್ಪುತ್ತದೆ ಎಂದು ಮತ್ತೆ ಕೆಲವರು ಯೋಚಿಸುತ್ತಾರೆ. ತಾವು ಸ್ವೀಕರಿಸಿದ ನಿಯಮವನ್ನು ನೋಡಿ, ಬೇಕಾದರೆ ಮುನಿಗಳನ್ನೋ ತಿಳಿದ ತ್ಯಾಗಿಗಳನ್ನೋ ಕೇಳಿ ನಿರ್ಧರಿಸುವುದು ಒಳ್ಳೆಯದು. ಮುಂದೆ ಮೊಮ್ಮಕ್ಕಳಿಗೆ ಕೊಳ್ಳುವಾಗ ರಬ್ಬರಿನ ಚೆಂಡು, ನೈಲಾನಿನ ಕಾಕು ಸಾಕೆಂದು ನಿಶ್ಚಯಿಸುವುದಕ್ಕೆ ಮಾತ್ರ ಯಾವ ಸಂದೇಹವೂ ಬೇಕಿಲ್ಲ.

ಎಲ್ಲವನ್ನೂ ಕೊಟ್ಟುಬಿಡಬೇಕೆ? ಗೃಹಸ್ಥನಿಗೆ ಧರ್ಮವು ಅಷ್ಟನ್ನು ವಿಧಿಸಿಲ್ಲ. ಪರಿಗ್ರಹಪರಿಮಾಣ ವ್ರತಕ್ಕೆ ಇಚ್ಛಾಪರಿಮಾಣವೆಂಬ ಇನ್ನೊಂದು ಹೆಸರಿದೆ. ಇಚ್ಛೆಗೆ ಗಡಿ ಹಾಕುವುದು ಅದರ ಹೃದಯ. ಒಂದು ಮಗುವಿಗೆ ಒಂದು ಚಿಕ್ಕ ಪೆಟ್ಟಿಗೆ ಎಂದು ಅಳತೆ ಮಾಡಿ, ಅದರೊಳಗೆ ಹಿಡಿಸುವುದಷ್ಟೇ ನೆನಪಿನ ಪಾಲು ಎಂದು ನಿಯಮ ಮಾಡಿಕೊಂಡರೆ ಮನಸ್ಸಿಗೂ ವ್ರತಕ್ಕೂ ನೆಮ್ಮದಿ. ಇಡುವುದನ್ನು ಸತ್ತಂತೆ ಇಡಬಾರದು. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲಾದಿ ಗ್ರಂಥಗಳ ತಾಳೆಗರಿಗಳನ್ನು ಭಕ್ತರು ಶತಮಾನಗಳ ಕಾಲ ಕಣ್ಣಿನಂತೆ ಕಾಪಾಡಿದರು. ಅವರು ಕಾಪಾಡದಿದ್ದರೆ ಇಂದು ಏನೂ ಉಳಿಯುತ್ತಿರಲಿಲ್ಲ. ಆದರೆ ಬಹುಕಾಲ ಅವು ದರ್ಶನಕ್ಕೆ ಮಾತ್ರ ದೊರೆಯುತ್ತಿದ್ದವು. 19ನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕೆಲಸ ಆರಂಭವಾಗಿ, 1939ರಿಂದ ಧವಲಾ ಟೀಕೆ ಅಚ್ಚಾಗತೊಡಗಿದ ಮೇಲೆ ಅದು ಲೋಕಕ್ಕೆ ಶ್ರುತವಾಯಿತು. ಕಾಪಾಡಿದ್ದು ಅದರಿಂದ ಸಾರ್ಥಕವಾಯಿತು. ಪೆಟ್ಟಿಗೆಯಲ್ಲಿ ಉಳಿಸಿದ ಒಂದು ಪದಕವನ್ನೂ ಮೊಮ್ಮಗಳ ಕೈಗೆ ಕೊಟ್ಟು, ನಿನ್ನ ತಂದೆ ಆ ಪಂದ್ಯದಲ್ಲಿ ಸೋತು, ಅತ್ತು, ಮರುವರ್ಷ ಗೆದ್ದ ಕಥೆ ಇದು ಎಂದು ಹೇಳಿದಾಗಲೇ ಅದು ನೆನಪಾಗುತ್ತದೆ.

ಮಗುವನ್ನೇ ಕಳೆದುಕೊಂಡ ಮನೆಗಳೂ ಇವೆ. ಅಲ್ಲಿ ಕೇಳಿ ತಿಳಿಯಲು ಮಗುವಿಲ್ಲ, ಅಟ್ಟದ ವಸ್ತುವಿನ ಹೊರತು ಕೈಗೆ ಸಿಗುವುದು ಬೇರೇನೂ ಇಲ್ಲ. ಅಂಥವರಿಗೆ ಅಪರಿಗ್ರಹದ ಪಾಠ ಹೇಳಲು ಯಾರೂ ಅವಸರಪಡಬಾರದು. ಶೋಕವೂ ಕರ್ಮದ ಉದಯದಿಂದ ಬರುವ ಭಾವ. ಕಾಲ ಬಂದಾಗಲೇ ಅದು ಶಮಿಸುತ್ತದೆ. ನೆಂಟರು, ನೆರೆಯವರು ಮಾಡಬಹುದಾದದ್ದು ಜೊತೆಗೆ ಕುಳಿತಿರುವುದು. ಎಂದಾದರೊಂದು ದಿನ ಆ ತಂದೆ ತಾಯಿಯೇ, ಈ ಬ್ಯಾಟನ್ನು ಯಾರಾದರೂ ಆಡಲಿ ಎಂದರೆ ಆ ಮಾತು ಒಳಗಿನಿಂದ ಬಂದದ್ದಾಗಿರಲಿ.

ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಎಂಟನೆಯ ದಿನ ಉತ್ತಮ ತ್ಯಾಗ, ಒಂಬತ್ತನೆಯ ದಿನ ಉತ್ತಮ ಆಕಿಂಚನ್ಯ. ಅಟ್ಟದ ಗಂಟನ್ನು ಬಿಚ್ಚಲು ಅದಕ್ಕಿಂತ ಒಳ್ಳೆಯ ಮುಹೂರ್ತ ಬೇಕಿಲ್ಲ. ಈ ಎರಡು ಧರ್ಮಗಳ ಕ್ರಮದಲ್ಲಿಯೂ ಒಂದು ಬೋಧೆಯಿದೆ. ಮೊದಲ ದಿನ ವಸ್ತುವನ್ನು ಬಿಡಬೇಕು. ಮರುದಿನ, ನಾನು ಬಿಟ್ಟೆ, ಅದು ನನ್ನದಾಗಿತ್ತು ಎಂಬ ಉಳಿದ ಎಳೆಯನ್ನೂ ಬಿಡಬೇಕು. ಮಕ್ಕಳ ವಿಷಯದಲ್ಲಿ ಈ ಎರಡನೆಯದೇ ಕಠಿನ. ಬ್ಯಾಟು ಯಾವುದೋ ಹುಡುಗನ ಕೈಗೆ ಹೋದೀತು. ಮಗ ನನ್ನವನು, ನಾನು ಬಯಸಿದಂತೆಯೇ ಇರಬೇಕು ಎಂಬ ಹಿಡಿತ ಅಷ್ಟು ಬೇಗ ಸಡಿಲವಾಗದು. ಪ್ರತಿಯೊಂದು ಜೀವವೂ ತನ್ನ ಕರ್ಮಕ್ಕೆ ತಾನೇ ಕರ್ತೃ, ತನ್ನ ಪಯಣಕ್ಕೆ ತಾನೇ ಒಡೆಯ. ತಂದೆ ತಾಯಿ ಆ ಪಯಣದಲ್ಲಿ ಕೆಲವು ವರ್ಷ ಜೊತೆಗಿದ್ದು ಉಪಕರಿಸಿದವರು. ಹಾಗೆಂದು ಒಪ್ಪಿಕೊಂಡ ಮನಸ್ಸಿಗೆ ಮಗನ ಮೇಲಿನ ಪ್ರೀತಿ ಕಡಿಮೆಯಾಗುವುದಿಲ್ಲ. ಭಾನುವಾರ ಫೋನು ಬಂದಾಗ, ಅತ್ತ ಮಾತಾಡುತ್ತಿರುವವನು ಯಾರೆಂದು ಅದಕ್ಕೆ ಸ್ಪಷ್ಟವಾಗಿ ತಿಳಿಯುತ್ತದೆ.