ಕಾರ್ಡ್ ಕಳೆದುಕೊಂಡವನು ಅಪರಾಧಿಯಲ್ಲ

ಬಸ್ಸಿನ ನೂಕುನುಗ್ಗಲಿನಲ್ಲಿ ಪರ್ಸ್ ಕಳೆದುಕೊಂಡವನು ಮೊದಲು ಮರುಗುವುದು ಅದರಲ್ಲಿದ್ದ ನೋಟುಗಳಿಗಾಗಿ. ಇಳಿದ ನಿಲ್ದಾಣಕ್ಕೆ ಮರಳಿ ಹುಡುಕುತ್ತಾನೆ, ಮನೆಯ ಕಪಾಟು ತಡಕಾಡುತ್ತಾನೆ, ಪುಣ್ಯಾತ್ಮರಾರಾದರೂ ತಂದುಕೊಟ್ಟಾರೆಂದು ಒಂದು ದಿನ ಕಾಯುತ್ತಾನೆ. ಅಷ್ಟರಲ್ಲಿ ಅದರೊಳಗಿದ್ದ ಕ್ರೆಡಿಟ್ ಕಾರ್ಡ್ ನಾಲ್ಕು ಅಂಗಡಿ ಸುತ್ತಿ ಬಂದಿರುತ್ತದೆ. ಯಂತ್ರಕ್ಕೆ ಸೋಕಿಸಿದರೆ ಸಾಕಾಗುವ ಕಾರ್ಡಿನಿಂದ ಪಿನ್ ಇಲ್ಲದೆಯೇ ಒಂದು ಬಾರಿಗೆ 5,000 ರೂಪಾಯಿಯವರೆಗೆ ಪಾವತಿಸಲು 2021ರ ಜನವರಿಯಲ್ಲಿ ಅನುಮತಿ ದೊರೆತಿದೆ. ಅನುಕೂಲವೆಂದು ನಾವು ಮೆಚ್ಚಿಕೊಂಡದ್ದು ಕಳ್ಳನಿಗೂ ಅನುಕೂಲವೇ.

ಇಂತಹ ನಷ್ಟವನ್ನು ಯಾರು ಹೊರಬೇಕು? ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲಿ ಇದಕ್ಕೆ ಉತ್ತರಿಸಿತು. ಲೋಪ ಬ್ಯಾಂಕಿನದೂ ಅಲ್ಲ, ಗ್ರಾಹಕನದೂ ಅಲ್ಲ ಎಂದಾದಾಗ, ಬ್ಯಾಂಕಿನ ಸಂದೇಶ ತಲುಪಿದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವನ ಹೊಣೆ ಸೊನ್ನೆ. ನಾಲ್ಕರಿಂದ ಏಳು ದಿನಗಳಾದರೆ, 5 ಲಕ್ಷದವರೆಗಿನ ಮಿತಿಯ ಕ್ರೆಡಿಟ್ ಕಾರ್ಡಿಗೆ ಗರಿಷ್ಠ 10,000 ರೂಪಾಯಿ. ಪಿನ್ ಅನ್ನು ಪರರಿಗೆ ಕೊಟ್ಟು ಅಜಾಗ್ರತೆ ತೋರಿದವನು ದೂರು ನೀಡುವವರೆಗಿನ ನಷ್ಟವನ್ನೆಲ್ಲ ತಾನೇ ಹೊರಬೇಕು. ದೂರಿನ ನಂತರದ್ದು ಬ್ಯಾಂಕಿನ ಪಾಲು. ಎಲ್ಲಕ್ಕಿಂತ ಮುಖ್ಯವಾಗಿ, ತಪ್ಪು ಗ್ರಾಹಕನದೆಂದು ಸಾಬೀತುಪಡಿಸುವ ಭಾರವನ್ನು ಆ ಸುತ್ತೋಲೆ ಬ್ಯಾಂಕಿನ ಮೇಲೆಯೇ ಹೊರಿಸಿತು.

ಕಾಗದದ ಮೇಲಿನ ಈ ನ್ಯಾಯ ಶಾಖೆಯ ಮೇಜಿನವರೆಗೆ ತಲುಪಿದೆಯೇ ಎಂಬುದೇ ನಮ್ಮ ಪ್ರಶ್ನೆ. ದೂರು ಹೇಳಲು ಹೋದವನನ್ನು "ಮೊದಲು ಪೊಲೀಸರಿಂದ ಬರೆಸಿಕೊಂಡು ಬನ್ನಿ" ಎಂದು ಹಿಂದಕ್ಕೆ ಕಳುಹಿಸುವ ಪರಿಪಾಠ ಅಪರೂಪವೇನಲ್ಲ. ಠಾಣೆಯ ಬೆಂಚಿನ ಮೇಲೆ ಅವನ ಅರ್ಧ ದಿನ ಕಳೆಯುತ್ತದೆ. ಆದರೆ ಕಾರ್ಡ್ ಕಳೆದ ಸುದ್ದಿ ತಿಳಿದೊಡನೆ ಅದನ್ನು ತಡೆಹಿಡಿಯಬೇಕು, ಮಿಕ್ಕ ವಿಧಿವಿಧಾನಗಳು ಅನಂತರ ನಡೆಯಬಹುದು ಎಂಬುದು 2022ರ ನಿರ್ದೇಶನದ ಸ್ಪಷ್ಟ ಮಾತು. ಕೋಟಿಗಟ್ಟಲೆ ಸಾಲಗಾರರ ಮುಂದೆ ಕೈಕಟ್ಟಿ ನಿಲ್ಲುವ ವ್ಯವಸ್ಥೆ, ಹತ್ತು ಸಾವಿರ ಕಳೆದುಕೊಂಡ ಸಂಬಳದಾರನನ್ನು ಕಳ್ಳನಂತೆ ಪ್ರಶ್ನಿಸುವುದು ಅದಾವ ಸೀಮೆಯ ನ್ಯಾಯ?

ನಮ್ಮ ಕರಾವಳಿಯ ಮನೆಗಳಲ್ಲಿ ಇನ್ನೊಂದು ತೊಡಕಿದೆ. ಗಲ್ಫಿನಲ್ಲಿ ದುಡಿಯುವ ಮಗನ ಕಾರ್ಡಿಗೆ ಜೋಡಿಸಿದ ಊರಿನ ಮೊಬೈಲ್ ಸಂಖ್ಯೆ ಎಂದೋ ನಿಷ್ಕ್ರಿಯವಾಗಿರುತ್ತದೆ. ಎಚ್ಚರಿಕೆಯ ಸಂದೇಶ ಬರುವುದೇ ಇಲ್ಲ. ತಿಂಗಳ ಬಿಲ್ ಬಂದಾಗಲೇ ಕಣ್ಣು ತೆರೆಯುವುದು. ರಜೆಯಲ್ಲಿ ಊರಿಗೆ ಬಂದವರು ಮದುವೆ ಔತಣಗಳ ನಡುವೆ ಒಂದು ಗಂಟೆ ಬಿಡುವು ಮಾಡಿಕೊಂಡು ಸಂಖ್ಯೆ ಬದಲಿಸಿಕೊಳ್ಳಲಿ. ಬಳಸದ ವಿದೇಶಿ ಪಾವತಿಯ ಸೌಲಭ್ಯವನ್ನು ಮುಚ್ಚಿಡಲಿ. ಬ್ಯಾಂಕಿನ ಸಹಾಯವಾಣಿಯನ್ನು ಕಾರ್ಡಿನ ಬೆನ್ನಿನಿಂದ ಬೇರೆಡೆ ಬರೆದಿಡಲಿ. ಕಾರ್ಡೇ ಹೋದ ಮೇಲೆ ಅದರ ಬೆನ್ನನ್ನು ಎಲ್ಲಿ ಓದುವುದು?

ಹಣ ಹೋಗಿದ್ದರೆ ಬ್ಯಾಂಕಿನ ಜೊತೆಗೆ 1930ಕ್ಕೂ ಕರೆ ಮಾಡಬೇಕು. ದೂರಿನ ಸಂಖ್ಯೆ ಮತ್ತು ಸಮಯವನ್ನು ಬರೆದುಕೊಳ್ಳದೆ ಫೋನ್ ಇಡಬಾರದು. ಮೂವತ್ತು ದಿನಗಳಲ್ಲಿ ಬ್ಯಾಂಕ್ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಬಳಿಗೆ ಹೋಗಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.