ಕೂಗಿದರೂ ಕೊಳ್ಳುವವರಿಲ್ಲ

ಹರಾಜು ಎಂದರೇನೆಂದು ಪೇಟೆಯ ವ್ಯಾಪಾರಿ ಬಂಧುಗಳಿಗೆ ನಾವು ಕಲಿಸಬೇಕಾಗಿಲ್ಲ. ಮಾಲು ಒಳ್ಳೆಯದಾದರೆ ಕೂಗುವ ಮೊದಲೇ ಗಿರಾಕಿ ಬಂದು ನಿಂತಿರುತ್ತಾನೆ. 2025ರ ಜನವರಿಯಲ್ಲಿ ಅಮೇರಿಕದ ಸರಕಾರ ಅಲಾಸ್ಕಾದ ಉತ್ತರ ತುದಿಯ ವನ್ಯಪ್ರದೇಶದಲ್ಲಿ ಎಣ್ಣೆ ತೆಗೆಯುವ ಹಕ್ಕನ್ನು ಹರಾಜಿಗಿಟ್ಟಿತು. ಒಂದೇ ಒಂದು ಸವಾಲೂ ಬರಲಿಲ್ಲ. ನಲವತ್ತು ವರ್ಷಗಳಿಂದ ಇಲ್ಲಿ ಚಿನ್ನವೇ ಹರಿಯುತ್ತದೆಂದು ಡಂಗುರ ಹೊಡೆಸಿದ ನೆಲಕ್ಕೆ ಬಂದ ಗತಿ ಇದು! ಸರಕಾರದ ನಿಬಂಧನೆಗಳು ಬಿಗಿಯಾಗಿದ್ದವು, ಅದಕ್ಕೇ ಯಾರೂ ಬರಲಿಲ್ಲ ಎಂದು ಎಣ್ಣೆಯ ಕಡೆಯವರು ಸಮಜಾಯಿಷಿ ಹೇಳುತ್ತಾರೆ. ಆದರೆ ನಿಬಂಧನೆ ಸಡಿಲವಾಗಿದ್ದ 2021ರ ಹರಾಜಿನ ಕಥೆಯೂ ನಮ್ಮ ಬಳಿ ಇದೆ. ಅದನ್ನು ಆಮೇಲೆ ಹೇಳುತ್ತೇವೆ.

ಈ ನೆಲವನ್ನು 1960ರಲ್ಲಿ ವನ್ಯಮೃಗಗಳಿಗೆಂದು ಕಾದಿರಿಸಲಾಯಿತು. 1980ರಲ್ಲಿ ವಿಸ್ತರಿಸಿ ಸುಮಾರು 1 ಕೋಟಿ 90 ಲಕ್ಷ ಎಕರೆ ಮಾಡಲಾಯಿತು. ಆಗಲೇ ಕರಾವಳಿಯ 15 ಲಕ್ಷ ಎಕರೆಯ ತೀರ್ಮಾನವನ್ನು ಮಾತ್ರ ಮುಂದಕ್ಕೆ ತಳ್ಳಿದರು. ಅಡಿಯಲ್ಲಿ ಎಣ್ಣೆ ಇದ್ದೀತೆಂಬ ಆಸೆ. ಕ್ಯಾರಿಬೂ ಎಂಬ ಹಿಮಸಾರಂಗದ ದೊಡ್ಡ ಹಿಂಡು, 2017ರ ಎಣಿಕೆಯಲ್ಲಿ ಎರಡು ಲಕ್ಷದ ಆಸುಪಾಸು, ಪ್ರತಿವರ್ಷ ಬೇಸಿಗೆಯ ಆರಂಭಕ್ಕೆ ಮರಿ ಹಾಕಲು ಬರುವುದು ಇದೇ ಕರಾವಳಿಗೆ. ಸಮುದ್ರದ ಗಾಳಿಗೆ ಸೊಳ್ಳೆಯ ಕಾಟ ಕಡಿಮೆ. ಈ ಹಿಂಡನ್ನೇ ನಂಬಿ ಬಾಳಿದ ಗ್ವಿಚಿನ್ ಜನರಿಗೆ ಇದು ಜೀವ ಹುಟ್ಟುವ ಪುಣ್ಯಸ್ಥಳ.

“ಕಾಡಿಗಾಗಿ ಹೊಟ್ಟೆ ತುಂಬಿದವರು ಅಳಲಿ, ಕೂಲಿಯವನಿಗೆ ಎಣ್ಣೆ ಅಗ್ಗವಾದರೆ ಸಾಕು” ಎಂಬ ಮಾತನ್ನು ನಾವೂ ಕೇಳಿದ್ದೇವೆ. ಆಗಲಿ, ಲೆಕ್ಕವನ್ನೇ ಹಾಕೋಣ. 1998ರಲ್ಲಿ ಅಲ್ಲಿನ ಸರಕಾರಿ ಭೂವಿಜ್ಞಾನಿಗಳು ಈ ಕರಾವಳಿಯ ಸರಕಾರಿ ನೆಲದಲ್ಲಿ ತೆಗೆಯಬಹುದಾದ ಎಣ್ಣೆ ಸರಾಸರಿ 770 ಕೋಟಿ ಪೀಪಾಯಿ ಎಂದು ಅಂದಾಜು ಮಾಡಿದರು. ಅಮೇರಿಕ ದಿನಕ್ಕೆ ಸುಡುವುದು ಸುಮಾರು 2 ಕೋಟಿ ಪೀಪಾಯಿ. ಭಾಗಿಸಿ ನೋಡಿ: ಒಂದು ವರ್ಷ, ಮೇಲೆ ಇಪ್ಪತ್ತು ದಿನ. ಬೆಲೆ ಎಷ್ಟು ಇಳಿದೀತು? 2008ರಲ್ಲಿ ಅಲ್ಲಿನ ಇಂಧನ ಇಲಾಖೆಯವರೇ ಗುಣಿಸಿದ್ದರು. ಪೀಪಾಯಿಗೆ ಮುಕ್ಕಾಲು ಡಾಲರು, ಅದೂ ಹದಿನೇಳು ವರ್ಷ ಕಾದ ಮೇಲೆ. ಎಣ್ಣೆ ದೇಶಗಳ ಕೂಟ ಕೊಳಾಯಿಯನ್ನು ಒಂದು ಸುತ್ತು ಬಿಗಿದರೆ ಅದೂ ಮಾಯ. ಕಚ್ಚಾ ಎಣ್ಣೆಯಲ್ಲಿ ನೂರಕ್ಕೆ ಎಂಬತ್ತಕ್ಕೂ ಮೇಲ್ಪಟ್ಟು ಹೊರಗಿನಿಂದ ತರುವ ನಮ್ಮ ದೇಶದ ಲಾರಿಯವನಿಗೆ ಇದರಲ್ಲಿ ದಕ್ಕುವುದೇನು?

ಒಂದು ಮಾತನ್ನು ಮುಚ್ಚಿಡಬಾರದು. ಆ ಕರಾವಳಿಯ ಕಾಕ್ಟೋವಿಕ್ ಹಳ್ಳಿಯ ಇನುಪಿಯಾಟ್ ಜನರಲ್ಲಿ ಅನೇಕರು ಎಣ್ಣೆ ಬೇಕೆನ್ನುತ್ತಾರೆ. ಆ ಸೀಮೆಯ ಶಾಲೆ, ನೀರು, ಆಸ್ಪತ್ರೆಗಳೆಲ್ಲ ಪಕ್ಕದ ಪ್ರೂಡೋ ಬೇ ಎಣ್ಣೆಕ್ಷೇತ್ರದ ತೆರಿಗೆಯಿಂದ ಬಂದವು. ಅವರನ್ನು ನಾವು ದೂಷಿಸಲಾರೆವು. ಎಣ್ಣೆಗೆ ಒಪ್ಪಿದರೆ ಮಾತ್ರ ಶಾಲೆ ಎಂಬ ಕಟ್ಟು ಅವರು ಮಾಡಿದ್ದಲ್ಲ.

ಎಣ್ಣೆ ಕಂಪೆನಿಯ ಔದಾರ್ಯವನ್ನೂ ಅಲಾಸ್ಕಾ ಕಂಡಿದೆ. 1989ರ ಮಾರ್ಚ್ 24ರಂದು ಎಕ್ಸಾನ್ ಕಂಪೆನಿಯ ಹಡಗು ಬಂಡೆಗೆ ಬಡಿದು ಸುಮಾರು 1 ಕೋಟಿ 10 ಲಕ್ಷ ಗ್ಯಾಲನ್ ಎಣ್ಣೆ ಕಡಲಿಗೆ ಚೆಲ್ಲಿತು. ಬಲೆ ನಂಬಿದವರು, ಮೀನು ಸಂಸ್ಕರಿಸುವ ಕೂಲಿಗಳು, ದಂಡೆಯ ಅಂಗಡಿಕಾರರು ಕೆಟ್ಟರು. 1994ರಲ್ಲಿ ಪಂಚಾಯತರು 500 ಕೋಟಿ ಡಾಲರು ದಂಡ ವಿಧಿಸಿದರು. ಕಂಪೆನಿ ಒಂದು ಕೋರ್ಟಿನಿಂದ ಇನ್ನೊಂದಕ್ಕೆ ಹತ್ತಿತು. 2008ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಸುಮಾರು 50 ಕೋಟಿಗೆ ಇಳಿಸಿತು. ಅಷ್ಟರಲ್ಲಿ ವಾದಿಗಳಲ್ಲಿ ಎಷ್ಟೋ ಜನ ಕಣ್ಣುಮುಚ್ಚಿದ್ದರು.

ಹಾಗಾದರೆ ಗಿರಾಕಿಯಿಲ್ಲದ ಮಾಲನ್ನು ಇಷ್ಟು ಹಟ ಹಿಡಿದು ಕೂಗುವುದೇಕೆ? 2017ರ ಡಿಸೆಂಬರಿನ ಕಾಯಿದೆಯನ್ನು ಬಿಚ್ಚಿ ನೋಡಿರಿ. ಅದು ಎಣ್ಣೆಯ ಕಾಯಿದೆಯಲ್ಲ, ತೆರಿಗೆಯ ಕಾಯಿದೆ! ಕಂಪೆನಿಗಳ ತೆರಿಗೆಯನ್ನು ನೂರಕ್ಕೆ 35ರಿಂದ 21ಕ್ಕೆ ಇಳಿಸಿದರು. ಬೊಕ್ಕಸದಲ್ಲಿ ಹತ್ತು ವರ್ಷಕ್ಕೆ ಸುಮಾರು ಒಂದೂವರೆ ಲಕ್ಷ ಕೋಟಿ ಡಾಲರಿನ ತೂತು ಬೀಳುತ್ತದೆ. ಅದಕ್ಕೆ ತೇಪೆ ಹಾಕುತ್ತೇವೆಂದು ತೋರಿಸಲು ಹಿಮಸಾರಂಗದ ಹೆರಿಗೆಮನೆಯನ್ನು ಅಡವಿಟ್ಟರು. 100 ಕೋಟಿ ಡಾಲರಿಗೂ ಮಿಕ್ಕಿ ಬರುತ್ತದೆಂದರು. 2021ರ ಜನವರಿ 6ರಂದು, ಎಕರೆಗೆ ಕನಿಷ್ಠ 25 ಡಾಲರಿನಂತೆ ಕೂಗಿದಾಗ ಬಂದದ್ದು ಒಟ್ಟು 1 ಕೋಟಿ 44 ಲಕ್ಷ. ದೊಡ್ಡ ಎಣ್ಣೆ ಕಂಪೆನಿ ಒಂದೂ ತಲೆ ಹಾಕಲಿಲ್ಲ. ಬಹುಪಾಲು ತುಂಡುಗಳಿಗೆ ಸವಾಲು ಹಾಕಿದ್ದು ಅಲಾಸ್ಕಾ ರಾಜ್ಯದ ಸ್ವಂತ ನಿಗಮ. ಹರಾಜಿನ ಹಣದಲ್ಲಿ ಅರ್ಧ ಪಾಲು ಯಾರಿಗೆ? ಅದೇ ಅಲಾಸ್ಕಾ ರಾಜ್ಯಕ್ಕೆ! ನಮ್ಮ ಸಂತೆಯಲ್ಲಿ ಇಂಥ ವ್ಯಾಪಾರ ಮಾಡಿದವನನ್ನು ಮಕ್ಕಳು ಹಿಂದೆ ಬಿದ್ದು ನಗುತ್ತಿದ್ದರು. ಉಳಿದಿಬ್ಬರು ಸಣ್ಣವರು 2022ರಲ್ಲಿ ಕೈಬಿಟ್ಟು ಹೋದರು.

ಕಂಪೆನಿಗಳಿಗೆ ತೆರಿಗೆಯ ರಿಯಾಯಿತಿ ಮಾತ್ರ ಒಂದು ದಿನವೂ ತಪ್ಪಲಿಲ್ಲ. 2025ರ ಜುಲೈಯಲ್ಲಿ ಮತ್ತೊಂದು ತೆರಿಗೆ ಕಾಯಿದೆ ಬಂತು. ಅದರ ಹೊಟ್ಟೆಯಲ್ಲಿ, ಹತ್ತು ವರ್ಷದೊಳಗೆ ಇದೇ ಕರಾವಳಿಯನ್ನು ಇನ್ನೂ ನಾಲ್ಕು ಸಲ ಹರಾಜು ಕೂಗಬೇಕೆಂದು ಬರೆದಿದೆ.